ಡಿಸಿಎಸ್‌ನಲ್ಲಿ ವಿಮಾನ ಕೊಳ್ಳುವ ಮುನ್ನ ಹಾರಿಸಿ ಅಳೆಯುವ ಬಗೆ

ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್ ಆಟ ಡಿಸಿಎಸ್ ವರ್ಲ್ಡ್ ಪುಕ್ಕಟೆ. ಜೊತೆಗೆ ಸು-25ಟಿ ಮತ್ತು ಟಿಎಫ್-51ಡಿ ಬರುತ್ತವೆ. ಉಳಿದ ವಿಮಾನಗಳಿಗೆ ದುಡ್ಡು: ಎಫ್/ಎ-18ಸಿ ಪೂರ್ಣ ಬೆಲೆ 79.99 ಡಾಲರ್, ಫ್ಲೇಮಿಂಗ್ ಕ್ಲಿಫ್ಸ್ ಎಂಬ ಸರಳ ಕಾಕ್‌ಪಿಟ್‌ನ ಸಾಲಿನ ಎಫ್-15ಸಿ ಅದರ ಸಣ್ಣ ಪಾಲಿಗೇ ಸಿಗುತ್ತದೆ. ಹಾಗಂತ ಅಗ್ಗದ್ದು ಆಟಿಕೆಯಂತೆ ಹಾರುವುದಿಲ್ಲ. ಎಫ್-15ಸಿ, ಸು-27ಕ್ಕೂ ಪ್ರೊಫೆಷನಲ್ ಫ್ಲೈಟ್ ಮಾಡೆಲ್ಲೇ (ಹಾರಾಟವನ್ನು ಲೆಕ್ಕಹಾಕುವ ಮೇಲ್ದರ್ಜೆಯ ಮಾದರಿ) ಇದೆ. ಹೆಚ್ಚಿನ ಬೆಲೆ ಹೋಗುವುದು ಮುಖ್ಯವಾಗಿ ಕಾಕ್‌ಪಿಟ್‌ನಲ್ಲಿ ಒತ್ತಲು ಬರುವ ಸ್ವಿಚ್ಚುಗಳಿಗೆ, ಅವುಗಳ ಹಿಂದಿನ ವ್ಯವಸ್ಥೆಗಳಿಗೆ.

ಹೆಚ್ಚಿನ ವಿಮಾನಗಳಿಗೆ 14 ದಿನದ ಟ್ರಯಲ್ ಇದೆ. ಅದು ಸಿಗುವುದು ಡಿಸಿಎಸ್‌ನ ಸ್ವಂತ ಆವೃತ್ತಿಯಲ್ಲಿ ಮಾತ್ರ, ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಇಲ್ಲ.

ಮೊದಲು ಕಂಟ್ರೋಲ್ ಸೆಟ್ಟಿಂಗ್‌ನ ಆಕ್ಸಿಸ್ ಪಟ್ಟಿ ತೆರೆಯಿರಿ. ಹೊಸ ವಿಮಾನ ಹಾಕಿದಾಗ ಡಿಸಿಎಸ್ ಜಾಯ್‌ಸ್ಟಿಕ್, ಥ್ರಾಟಲ್, ಪೆಡಲ್ ಎಲ್ಲಕ್ಕೂ ಪಿಚ್ (ಮೂತಿಯ ಏರಿಳಿತ), ರೋಲ್ (ಪಕ್ಕಕ್ಕೆ ವಾಲುವುದು) ತಾನೇ ಹಂಚಿಬಿಡುತ್ತದೆ. ಪೆಡಲ್ ತುಳಿದರೆ ಮೂತಿ ಎದ್ದರೆ ಅದು ವಿಮಾನದ ತಪ್ಪಲ್ಲ, ಬೇಡದ್ದನ್ನು ಅಳಿಸಿ. ಎರಡನೇ ಮಹಾಯುದ್ಧದ ವಿಮಾನವಾದರೆ ಸ್ಪೆಷಲ್ ಟ್ಯಾಬ್‌ನಲ್ಲಿ ಟೇಕಾಫ್ ಅಸಿಸ್ಟೆನ್ಸ್ ಸೊನ್ನೆಗೆ ಇಳಿಸಿ, ಆಟೋ ರಡ್ಡರ್ ತೆಗೆಯಿರಿ; ಇವು ನಿಮ್ಮ ಬದಲು ತಾವೇ ವಿಮಾನವನ್ನು ತಿದ್ದುವ ನೆರವುಗಳು.

ಇನ್ನು ಅಳತೆ. ಹಾರಾಟದ ಸನ್ನಿವೇಶ ಕಟ್ಟುವ ಮಿಷನ್ ಎಡಿಟರ್‌ನಲ್ಲಿ ತಾಪಮಾನ 15 ಡಿಗ್ರಿ, ಒತ್ತಡ 760 ಮಿ.ಮೀ., ಗಾಳಿ ಸೊನ್ನೆ. ಬಿಸಿ ಗಾಳಿಯಲ್ಲಿ ಎಂಜಿನ್ ಸೊರಗುತ್ತದೆ, ಲೆಕ್ಕ ತಪ್ಪುತ್ತದೆ. ಅನ್‌ಲಿಮಿಟೆಡ್ ಫ್ಯೂಯಲ್ ಆನ್ ಇದ್ದರೆ ತೂಕ ಇಳಿಯುವುದೇ ಇಲ್ಲ, ಆಫ್ ಮಾಡಿ. ತೂಕ, ಪೈಲಾನ್ (ರೆಕ್ಕೆಯಡಿ ಆಯುಧ ತಗುಲಿಸುವ ಕೊಂಡಿ), ಎತ್ತರ ಎಲ್ಲವೂ ನಿಜದ ವಿಮಾನದ ಮ್ಯಾನ್ಯುಯಲ್‌ನ ಚಾರ್ಟಿನಲ್ಲಿ ಇರುವಂತೆಯೇ ಇರಲಿ.

ಇಲ್ಲಿ ಹಲವರು ಎಡವುತ್ತಾರೆ: ಸುತ್ತಿನ ಸಮಯ ನೋಡಿ ತೀರ್ಪು ಕೊಡುತ್ತಾರೆ. ಸಮುದ್ರಮಟ್ಟದ ಹತ್ತಿರ ಗಂಟೆಗೆ 720 ಕಿ.ಮೀ. ವೇಗ, 4 ಜಿ (ಗುರುತ್ವದ ನಾಲ್ಕು ಪಟ್ಟು ಒತ್ತಡ) ಸ್ಥಿರವಾಗಿದ್ದರೆ 360 ಡಿಗ್ರಿ ಸಮತಲ ಸುತ್ತು ಯಾವ ವಿಮಾನಕ್ಕಾದರೂ ಸುಮಾರು 33 ಸೆಕೆಂಡು. ಅದು ಭೌತಶಾಸ್ತ್ರ, ಮಾಡೆಲ್‌ನ ಹೆಚ್ಚುಗಾರಿಕೆಯಲ್ಲ. ನೋಡಬೇಕಾದ್ದು, ಎತ್ತರ ಕಳೆಯದೆ, ವೇಗ ಇಳಿಯದೆ ಎಷ್ಟು ಜಿ ಹಿಡಿದು ನಿಲ್ಲುತ್ತದೆ ಅನ್ನುವುದು. ಮೂರು ಸಲ ಅಳೆದು ಸರಾಸರಿ ತೆಗೆದು ಚಾರ್ಟಿಗೆ ಹೋಲಿಸಿ. ಎರಡು-ಮೂರು ಶೇಕಡಾ ವ್ಯತ್ಯಾಸ ನಿಮ್ಮ ಕೈಯದ್ದೇ ಇರಬಹುದು.

ವಿಚಿತ್ರವೆನಿಸಿದ್ದೆಲ್ಲ ದೋಷವಲ್ಲ. 2025ರವರೆಗೆ ನಮ್ಮ ವಾಯುಪಡೆಯಲ್ಲಿದ್ದ ಮಿಗ್-21ರ ಬಿಸ್ ಮಾದರಿಯಲ್ಲಿ ಫ್ಲ್ಯಾಪ್ (ಇಳಿಯುವಾಗ ಬಾಗುವ ರೆಕ್ಕೆಯ ಹಿಂಪಟ್ಟಿ) ಮೇಲೆ ಎಂಜಿನ್ನಿನ ಗಾಳಿ ಊದುತ್ತದೆ. ಇಳಿಯುವಾಗ ಬೇಗ ಥ್ರಾಟಲ್ ಎಳೆದರೆ ಆ ಊದು ಸಾಯುತ್ತದೆ, ವಿಮಾನ ದೊಪ್ಪನೆ ಕುಸಿಯುತ್ತದೆ. ನಿಜದ್ದೂ ಹಾಗೆಯೇ.

ರಾಡಾರ್, ಜ್ಯಾಮರ್ (ಶತ್ರುವಿನ ರಾಡಾರ್ ಕೆಡಿಸುವ ಸಾಧನ) ವಿಷಯಕ್ಕೆ ಈ ಪರೀಕ್ಷೆ ನಡೆಯದು. ಆಧುನಿಕ ವಿಮಾನಗಳಲ್ಲಿ ಅವು ಗುಟ್ಟಿನ ಮಾಹಿತಿ, ಹಾಗಾಗಿ ಆಟದ ತಯಾರಕರದ್ದೂ ಅಂದಾಜೇ. ಬರೀ ಅದಕ್ಕಾಗಿ ದುಬಾರಿ ವಿಮಾನ ಕೊಳ್ಳಬೇಡಿ.

ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮುನ್ನವೇ ಮಾರಾಟ) ಎಂದಿದ್ದರೆ ಈಗ ಕೆಲಸ ಮಾಡುವುದಕ್ಕಷ್ಟೇ ಬೆಲೆ ಕಟ್ಟಿ, ಮುಂದೆ ಬರಲಿರುವುದಕ್ಕಲ್ಲ. ರಿಯಾಯಿತಿ ವರ್ಷದಲ್ಲಿ ಹಲವು ಬಾರಿ ಬರುತ್ತದೆ, ಹಳೆಯವು ಅರ್ಧ ಬೆಲೆಗೂ ಇಳಿಯುವುದುಂಟು. ಡಾಲರಿನಲ್ಲಿ ಕೊಡುವಾಗ ಕಾರ್ಡಿನ ವಿದೇಶಿ ವಹಿವಾಟು ಶುಲ್ಕವನ್ನೂ ಕೂಡಿಸಿ, ಸ್ಟೀಮ್‌ನ ರೂಪಾಯಿ ಬೆಲೆಯ ಜೊತೆ ಹೋಲಿಸಿ. ಸ್ಟೀಮ್‌ನಲ್ಲಿ ಕೊಂಡದ್ದನ್ನು ಡಿಸಿಎಸ್ ಖಾತೆಗೆ ತರಬಹುದು; ಡಿಸಿಎಸ್‌ನ ಸ್ವಂತ ಅಂಗಡಿಯಲ್ಲಿ ಕೊಂಡದ್ದು ಸ್ಟೀಮ್‌ಗೆ ಹೋಗುವುದಿಲ್ಲ.