ಕಸೂತಿಯಲ್ಲಿ ಪದ್ಯ ಹೊಲಿದೆ, ಒತ್ತಕ್ಷರ ಸಮೇತ

ಕಸೂತಿಯಲ್ಲಿ ಕನ್ನಡ ಅಕ್ಷರ ಕೂರುವುದಿಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಧಾರವಾಡದಲ್ಲಿ ನನಗೆ ಗವಂತಿ, ಅಂದರೆ ಬಿಟ್ಟು ಬಿಟ್ಟು ಹಾಕುತ್ತಾ ಹೋಗಿ ಬರುವಾಗ ಬಿಟ್ಟದ್ದನ್ನು ತುಂಬುವ ಹೊಲಿಗೆ, ಕಲಿಸಿದ ಅಕ್ಕೋರೇ ಮೊದಲು ಹೇಳಿದ್ದು. "ಇಂಗ್ಲಿಷ್ ಆದ್ರ ಕೂಡ್ತೈತಿ, ನೆಟ್ಟಗ ಇರ್ತಾವ ಆ ಅಕ್ಷರ. ಕನ್ನಡ ಎಲ್ಲಾ ಗುಂಡಗ. ಎಳಿ ಎಣಿಸಿ ಹಾಕೋ ಕೆಲಸದಾಗ ಗುಂಡಗಿಂದು ಎಲ್ಲಿಂದ ತರ್ತೀ ತಂಗಿ?" ಆಮೇಲೆ ಓರಗಿತ್ತಿ, ಚೌಕಟ್ಟು ಹಾಕುವವನು, ಒಂದು ಮೇಳದಲ್ಲಿ ಪಕ್ಕದ ಮಳಿಗೆ ಹಾಕಿದ್ದವರು, ಎಲ್ಲರದ್ದೂ ಅದೇ ಹಾಡು. ಈಗ ಮೂರು ಸಾಲಿನ ಪದ್ಯ ಹೊಲಿದು ಮಾರಿದ್ದೇನೆ, ಎರಡನೆಯದೂ ಮಾರಿದ್ದೇನೆ, ಅಕ್ಕೋರು ಬಂದು ಬಟ್ಟೆ ತಿರುಗಿಸಿ ಹಿಂಬದಿ ನೋಡಿ ಹೋಗಿದ್ದಾರೆ. ಎರಡೂ ಕಡೆ ಒಂದೇ ಥರ ಬಂದಿದೆಯಾ ಅಂತ ಕಸೂತಿಯವರು ಮೊದಲು ಹಿಂಬದಿ ನೋಡುತ್ತಾರೆ.

ಗವಂತಿ, ಮುರಗಿ, ನೇಗಿ, ಮೆಂತಿ, ಕಸೂತಿಯ ಈ ನಾಲ್ಕು ಹೊಲಿಗೆ ಹಾಕುವುದು ಹೇಗೆ ಅಂತ ಇಲ್ಲಿ ವಿವರಿಸಲ್ಲ. ಗೋಪುರ, ತೇರು, ಆನೆ ಹಾಕಿ ಕೈ ಪಳಗಿದವರಿಗೆ ಮಾತ್ರ ಇದು.

ಮೊದಲು ಹಾಳಾದದ್ದರ ಲೆಕ್ಕ. ಶುರುವಿಗೆ ಕಂಪ್ಯೂಟರಿನಲ್ಲಿ ಪದ್ಯ ಟೈಪ್ ಮಾಡಿಸಿ, ದೊಡ್ಡದಾಗಿ ಪ್ರಿಂಟ್ ತೆಗೆಸಿ, ಕಾರ್ಬನ್ ಹಾಳೆ ಇಟ್ಟು ಬಟ್ಟೆ ಮೇಲೆ ತಿದ್ದಿದೆ. ಸರಪಳಿ ಹೊಲಿಗೆ ಹಾಕಿದೆ. ಅಕ್ಷರ ಚೆಂದವಾಗಿಯೇ ಬಂತು, ಗುಂಡಗೆ ಬಂತು. ಆದರೆ ಅದು ಕಸೂತಿ ಅಲ್ವಲ್ಲ! ಗೆರೆ ಹಾಕದೆ, ಎಳೆ ಎಣಿಸಿ, ಗಂಟಿಲ್ಲದೆ ಹಾಕಿದರೆ ತಾನೇ ಕಸೂತಿ. ಸಾಲದ್ದಕ್ಕೆ ನೋಡಿದವರೆಲ್ಲ "ಇದನ್ನ ಮಷೀನ್‌ನಲ್ಲಿ ಇನ್ನೂರು ರೂಪಾಯಿಗೆ ಹಾಕಿ ಕೊಡ್ತಾರೆ" ಅಂದರು. ಅವರು ಹೇಳಿದ್ದು ನಿಜ. ಕಾರ್ಬನ್ನಿನ ನೀಲಿಯೂ ಪೂರ್ತಿ ಹೋಗಲಿಲ್ಲ. ಬಟ್ಟೆ, ನೂಲು, ಪ್ರಿಂಟು ಸೇರಿ 600 ರೂಪಾಯಿ ಹತ್ತಿರ ಹೋಯಿತು.

ಆಮೇಲೆ ಮ್ಯಾಟಿ, ಅಂದರೆ ಚೌಕುಳಿ ನೇಯ್ಗೆಯ ಬಟ್ಟೆ ಮೇಲೆ ಮೆಂತಿ, ಗುಣಿಸುವ ಗುರುತಿನ ಹಾಗೆ ಬರುವ ಹೊಲಿಗೆ. ಮನೆ, ಅಂದರೆ ಚೌಕ, ಎಣಿಸೋದು ಸುಲಭ, ಶಾಲೆಯಲ್ಲಿ ಎಲ್ಲರೂ ಮಾಡಿರುತ್ತೇವೆ. ಅಕ್ಷರ ಓದಲು ಬಂತು, ಆದರೆ ಪ್ರತಿ ತಿರುವಿನಲ್ಲೂ ಮೆಟ್ಟಿಲು ಮೆಟ್ಟಿಲು. ರ, ಠ ಎರಡೂ ಗುಂಡು ಹೋಗಿ ಡಬ್ಬಿ ಆದವು. ಮೆಂತಿ ಭಾರ ಕೂಡ, ಮೂರು ಸಾಲು ಪದ್ಯ ಹೊಲಿದರೆ ಬಟ್ಟೆ ತುಂಬಾ ಕಪ್ಪು ಬಳಿದಷ್ಟು ಆಗುತ್ತದೆ, ನಡುವೆ ಉಸಿರಾಡಲು ಜಾಗವೇ ಇರಲ್ಲ. ಅದನ್ನು ಈಗ ಮಿಕ್ಸಿ ಮೇಲೆ ಹೊದಿಸಿದ್ದೇನೆ.

ಮೂರನೆಯದು ಗವಂತಿಯಲ್ಲೇ, ಆದರೆ ಅಕ್ಷರ ಸಣ್ಣದು, ಐದು ಮನೆ ಎತ್ತರ. ನೂಲು ಉಳಿಯುತ್ತದೆ, ಬೇಗ ಮುಗಿಯುತ್ತದೆ ಅಂತ ಲೆಕ್ಕ. ಐದು ಮನೆಯಲ್ಲಿ ದ ಯಾವುದು ಧ ಯಾವುದು, ಬ ಯಾವುದು ಭ ಯಾವುದು? ಮಹಾಪ್ರಾಣದ ಆ ಕೆಳಗಿನ ಸೀಳಿಗೆ ಜಾಗವೇ ಇಲ್ಲ. ಪ, ಷ, ಫ ಮೂರೂ ಒಂದೇ ತಾಯಿ ಮಕ್ಕಳು. ಏಳು ಮನೆಗೂ ನೋಡಿದೆ, ಅರ್ಧಂಬರ್ಧ. ಒಂಬತ್ತಕ್ಕೆ ಸರಿ ಹೋಯಿತು.

ಒಂಬತ್ತು ಸಿಕ್ಕಿದ್ದು ಬಸ್ಸಿನಿಂದ. ಹುಬ್ಬಳ್ಳಿಯಲ್ಲಿ ನಿಂತಿದ್ದಾಗ ಎದುರಿನ ಬಸ್ಸಿನ ಎಲ್‌ಇಡಿ ಬೋರ್ಡಿನಲ್ಲಿ ನವಲಗುಂದ ಅಂತ ಬರುತ್ತಿತ್ತು. ಚುಕ್ಕಿ ಚುಕ್ಕಿ ದೀಪ, ಅಷ್ಟೇ. ಆದರೂ ದೂರದಿಂದ ಯಾರೂ ತಪ್ಪು ಓದಲ್ಲ. ಫೋಟೋ ಹೊಡೆದುಕೊಂಡು ಬಂದು ಚುಕ್ಕಿ ಎಣಿಸಿದೆ. ಆಗ ಹೊಳೆದದ್ದು ಇಷ್ಟು: ಬೋರ್ಡಿಗೆ ಬರೀ ಚುಕ್ಕಿ ಇದೆ, ನಮಗೆ ಚುಕ್ಕಿಯಿಂದ ಚುಕ್ಕಿಗೆ ಗೆರೆಯೂ ಇದೆ. ಅಡ್ಡ, ಉದ್ದ, ಓರೆ. ಹಾಗಾದರೆ ಬೋರ್ಡಿಗಿಂತ ನಮಗೆ ಅನುಕೂಲ ಜಾಸ್ತಿ. ಅವತ್ತಿನಿಂದ ಬಸ್ಸು ಕಂಡಲ್ಲೆಲ್ಲ ಫೋಟೋ, ಮನೆಯವರು ನನ್ನ ಜೊತೆ ಸ್ಟ್ಯಾಂಡಿಗೆ ಬರುವುದನ್ನೇ ಬಿಟ್ಟರು.

ಚೌಕುಳಿ ಹಾಳೆಯಲ್ಲಿ ಅಕ್ಷರಮಾಲೆ ಬರೆದುಕೊಂಡೆ. ಗುಂಡಗಿರುವ ಎಲ್ಲಕ್ಕೂ ಒಂದೇ ಸೂತ್ರ: ಮೂರು ಮನೆ ನೆಟ್ಟಗೆ, ಮೂರು ಮನೆ ಓರೆ, ಮತ್ತೆ ಮೂರು ಅಡ್ಡ. ಎಂಟು ಮೂಲೆ ಬರುತ್ತದೆ. ಮಡಿಲಲ್ಲಿಟ್ಟು ನೋಡಿದರೆ ಮೂಲೆ ಕಾಣುತ್ತವೆ, ಗೋಡೆಗೆ ಹಾಕಿ ನಾಲ್ಕು ಹೆಜ್ಜೆ ಹಿಂದೆ ಹೋದರೆ ಗುಂಡಗೆ ಕಾಣುತ್ತದೆ. ಎರಡು ಮನೆ ಅಡ್ಡ ಒಂದು ಮನೆ ಕೆಳಗೆ ಅಂತ ಓರೆ ಹಾಕಿದರೆ ಇನ್ನೂ ಗುಂಡಗೆ ಬರುತ್ತದೆ, ನಾನು ಹಾಕಿ ನೋಡಿದ್ದೇನೆ. ಆದರೆ ನಮ್ಮ ಅಕ್ಕೋರು ಅದನ್ನು ಕಸೂತಿ ಅಂತ ಒಪ್ಪಲ್ಲ. ನನಗೂ ಅದು ಯಾಕೋ ಮೋಸ ಅನಿಸುತ್ತದೆ.

ಹೊಲಿಯುವ ದಾರಿ ಹೇಗೆ ಅಂತ ಒಂದು ಅಕ್ಷರದಲ್ಲಿ ಹೇಳುತ್ತೇನೆ. ಗ ತಗೊಳ್ಳಿ. ಎಡಗಾಲಿನ ಬುಡದಲ್ಲಿ ಸೂಜಿ ಮೇಲೆ ಬರಬೇಕು. ಒಂದು ಮನೆ ಹಾಕಿ ಒಂದು ಮನೆ ಬಿಟ್ಟು ಏರುವುದು, ಓರೆಯಲ್ಲಿ ತಿರುಗುವುದು. ನೆತ್ತಿಗೆ ಬಂದಾಗ ತಲೆಕಟ್ಟಿನ ತುದಿಯವರೆಗೆ ಹೋಗಿ, ಬಿಟ್ಟ ಮನೆ ತುಂಬುತ್ತಾ ನೆತ್ತಿಗೆ ವಾಪಸ್. ಅಲ್ಲಿಂದ ಬಲಗಾಲಿಗೆ ಇಳಿಯುವುದು. ಬುಡ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ತಿರುಗಿ, ಬಿಟ್ಟದ್ದನ್ನೆಲ್ಲ ತುಂಬಿ, ಶುರು ಮಾಡಿದ ಜಾಗಕ್ಕೇ ಬಂದು ಮುಗಿಯಬೇಕು. ಹಿಂದೆ ಮುಂದೆ ಒಂದೇ ಥರ. ಒಂದೇ ಗೆರೆಯಾಗಿ ಕೂಡಿಕೊಂಡ ಯಾವ ಅಕ್ಷರವಾದರೂ ಹೀಗೆ ಸುತ್ತಿ ಬರಬಹುದು, ನೂಲು ಎಲ್ಲೂ ಸಿಕ್ಕಿಕೊಳ್ಳಲ್ಲ.

ತಕರಾರು ಬಿಡಿ ಬಿಡಿ ಚೂರುಗಳದ್ದು. ಒತ್ತು, ಸೊನ್ನೆ, ದೀರ್ಘ. ಇವು ಅಕ್ಷರದಿಂದ ದೂರ ನಿಂತಿರುತ್ತವೆ, ನೂಲು ಅಲ್ಲಿಗೆ ಹಾರಬೇಕು, ಹಾರಿದರೆ ಹಿಂಬದಿಯಲ್ಲಿ ಕಾಣುತ್ತದೆ. ಒತ್ತನ್ನು ನಾನು ಒಂದು ಮನೆಯ ಗೆರೆಯಿಂದ ಮೇಲಿನ ಅಕ್ಷರದ ಬುಡಕ್ಕೆ ತಾಗಿಸುತ್ತೇನೆ, ಕೈಬರಹದಲ್ಲಿ ಎಷ್ಟೋ ಜನ ಹಾಗೇ ಬರೆಯುತ್ತಾರೆ, ಓದಲು ತೊಂದರೆ ಇಲ್ಲ. ಸೊನ್ನೆಗೂ ದೀರ್ಘಕ್ಕೂ ಬೇರೆ ಉಪಾಯ ಇದೆ. ಒಂದು ಅಕ್ಷರದಿಂದ ಮುಂದಿನ ಅಕ್ಷರಕ್ಕೆ ನೂಲು ಕಾಣದ ಹಾಗೆ ದಾಟಿಸುವುದೂ ಅದೇ ಉಪಾಯ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಕಂಡುಹಿಡಿಯಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿದಿದೆ, ಎದುರು ಕೂತು ಕಲಿಯುವವರಿಗೆ ತೋರಿಸುತ್ತೇನೆ.

ಪದ್ಯವನ್ನೂ ಹೊಲಿಗೆಗೆ ತಕ್ಕಂತೆ ಕಟ್ಟಬೇಕು ಅನ್ನೋದು ಯಾರೂ ಹೇಳದ ವಿಷಯ. ಮೊದಲು ಬರೆದ ಪದ್ಯದಲ್ಲಿ ಸಾಲಿಗೆ ನಾಲ್ಕೈದು ಒತ್ತು ಇದ್ದವು, ಸಾಲುಗಳ ನಡುವೆ ಅಂತರ ಬಿಟ್ಟೂ ಬಿಟ್ಟೂ ಬಟ್ಟೆ ಸಾಲದೆ ಹೋಯಿತು. ಆಮೇಲೆ ಬೀಸುವ ಪದದ ಧಾಟಿಯಲ್ಲಿ, ನಮ್ಮ ಕಡೆ ಮಾತಿನಲ್ಲೇ ಮೂರು ಸಾಲು ಕಟ್ಟಿದೆ:

ಬಾವಿಗೆ ಹೋದವಳು ಬರಿಗೊಡ ತಂದಳು
ಕೇಳಿದರ ನಕ್ಕಳು ನೀರೀಗ
ಮೋಡದಾಗೈತಿ ಅಂತಂದಳು

ಮೂರು ಸಾಲಿನಲ್ಲಿ ಕೆಳಗೆ ಇಳಿಯುವುದು ಎರಡೇ ಕಡೆ, ನಕ್ಕಳುವಿನ ಕ ಒತ್ತು, ದಾಗೈತಿಯ ಐತ್ವ. 'ಮೋಡದಲ್ಲಿದೆ' ಅಂತ ಬರೆದಿದ್ದರೆ ಲ ಒತ್ತು ಬರುತ್ತಿತ್ತು, ಅದು ಅಗಲಕ್ಕೆ ಹರಡಿಕೊಂಡು ಪಕ್ಕದವರ ಜಾಗವನ್ನೂ ತಿನ್ನುತ್ತದೆ. ಒತ್ತು ಕಮ್ಮಿ ಮಾಡಲು ಹೋಗಿ ಪದ್ಯವೇ ಚೆನ್ನಾಯಿತು ಅಂತ ನನ್ನ ಅಭಿಪ್ರಾಯ. ಕವಿಗಳು ಒಪ್ಪುತ್ತಾರೋ ಇಲ್ಲವೋ, ಮೇಳದಲ್ಲಿ ಇದನ್ನು ಓದಿ ನಕ್ಕವರು ಬಹಳ ಜನ.

ಬಟ್ಟೆ ವಿಷಯಕ್ಕೆ ಬರೋಣ, ಇಲ್ಲಿ ದುಡ್ಡು ಜಾಸ್ತಿ ಹಾಳಾಗುತ್ತದೆ. ನಮ್ಮಲ್ಲಿ ಖಾದಿಗೇನು ಬರ. ಹುಬ್ಬಳ್ಳಿ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜವೇ ತಯಾರಾಗುತ್ತದೆ, ಗರಗದ ಖಾದಿಯೂ ಹತ್ತಿರ. ಆದರೆ ಯಾವ ಕೈಮಗ್ಗದ ಬಟ್ಟೆ ತಂದರೂ ಹಾಸು (ಉದ್ದಕ್ಕೆ ಹೋಗುವ ಎಳೆ), ಹೊಕ್ಕು (ಅಡ್ಡಕ್ಕೆ ಹೋಗುವ ಎಳೆ) ಎರಡನ್ನೂ ಎಣಿಸಿಯೇ ಕತ್ತರಿಸಿ. ನಾನು ತಂದ ಒಂದು ತಾನಿನಲ್ಲಿ ಇಂಚಿಗೆ ಹಾಸಿನ ಎಳೆ 44 ಇದ್ದವು, ಹೊಕ್ಕಿನವು 36ರ ಆಸುಪಾಸು. ಎರಡೂ ಕಡೆ ನಾಲ್ಕು ನಾಲ್ಕು ಎಳೆ ಎಣಿಸಿದರೆ ಅಕ್ಷರ ಉದ್ದುದ್ದ, ಬಡಕಲು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು ಎಣಿಸಿದೆ, ಚೌಕ ಹೆಚ್ಚುಕಮ್ಮಿ ಸರಿಯಾಯಿತು. ಇದಕ್ಕೆ ಅಭ್ಯಾಸ ಬೇಕು, ಓರೆ ಹಾಕುವಾಗ ತಲೆ ಕೆಡುತ್ತದೆ, ಎರಡು ಅಕ್ಷರ ಆದಮೇಲೆ ಕೈಗೆ ತಾನಾಗಿಯೇ ಬರುತ್ತದೆ. ಬೇಡ ಅಂದರೆ ಮ್ಯಾಟಿಯಲ್ಲೇ ಹಾಕಿ, ಆದರೆ ಖಾದಿಯ ಕಳೆ ಅದಕ್ಕಿಲ್ಲ.

ನೂಲು ಆಂಕರ್ ಕಂಪನಿಯದು, ಆರೆಳೆಯಲ್ಲಿ ಎರಡೆಳೆ ಬಿಡಿಸಿಕೊಂಡು. ಲಡಿಗೆ 8 ಮೀಟರ್ ಬರುತ್ತದೆ, ನನ್ನ ಪದ್ಯಕ್ಕೆ ಅಂಚಿನ ತೇರು, ಗಿಳಿ ಸೇರಿ ಐದಾರು ಲಡಿ ಹೋಗಿರಬಹುದು. ಇದರಲ್ಲಿ ಚೌಕಾಸಿ ಬೇಡ. ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ತಂದ ಕೆಂಪು ನೂಲು, ಮುಗಿದ ಕೆಲಸವನ್ನು ನೀರಿಗೆ ಅದ್ದಿದ ತಕ್ಷಣ ಬಿಳಿ ಖಾದಿಯನ್ನೆಲ್ಲ ಗುಲಾಬಿ ಮಾಡಿತು. ಉಪ್ಪು ಹಾಕಿ, ವಿನೆಗರ್ ಹಾಕಿ ಅಂತ ಹೇಳುವವರು ಬಹಳ, ಹಾಕಿದೆ, ಏನೂ ಆಗಲಿಲ್ಲ. ಈಗ ಪ್ರತಿ ಹೊಸ ಲಡಿಯಿಂದ ಗೇಣುದ್ದ ಕತ್ತರಿಸಿ, ಒದ್ದೆ ಬಿಳಿ ಚಿಂದಿಯಲ್ಲಿ ಸುತ್ತಿ, ರಾತ್ರಿ ಇಟ್ಟು ಬೆಳಿಗ್ಗೆ ನೋಡುತ್ತೇನೆ.

ಮಧ್ಯೆ ಸುಮ್ನೆ ಮಾಡಿ ನೋಡಿದ್ದೂ ಇವೆ. ಹಿಂದೆ ಮುಂದೆ ಎರಡೂ ಕಡೆ ಓದುವ ಹಾಗೆ ಹೊಲಿಯಬಹುದಾ ಅಂತ ಗದಗ ಹಾಕಿದೆ. ಊರಿನ ಹೆಸರು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಅಲ್ವಾ. ಹಿಂಬದಿಯಲ್ಲಿ ಗ ಹೆಚ್ಚುಕಮ್ಮಿ ಗ ಆಗಿಯೇ ಉಳಿಯಿತು, ತಲೆಕಟ್ಟು ಮಾತ್ರ ಆ ಕಡೆ ತಿರುಗಿತು. ದ ಒಪ್ಪಲೇ ಇಲ್ಲ. ಇಳಕಲ್ ಸೀರೆಯ ಸೆರಗಿಗೂ ಒಂದು ಸಾಲು ಹಾಕಿದೆ, ನೂಲಿನ ಒಡಲಿನ ಮೇಲೆ ಚೆನ್ನಾಗಿ ಕೂತದ್ದು ಸೆರಗಿನ ರೇಷ್ಮೆ ಮೇಲೆ ಜಾರಿತು, ಎಳೆ ಸಣ್ಣ, ಎಣಿಸಿ ಎಣಿಸಿ ಕಣ್ಣು ಉರಿ. ಹಗಲು ಬೆಳಕಿನಲ್ಲಿ ಬಿಟ್ಟರೆ ಆ ಕೆಲಸ ಆಗದು. ಕೌದಿಯ ಮೇಲೂ ಪದ್ಯ ಹೊಲಿದಿದ್ದೇನೆ, ಅಂಗೈ ಅಗಲದ ಅಕ್ಷರ, ಸಾದಾ ಹೊಲಿಗೆ. ಅಲ್ಲಿ ಎಳೆ ಎಣಿಸುವ ಗೋಜಿಲ್ಲ, ಕನ್ನಡ ತಾನಾಗಿ ಗುಂಡಗೆ ಬರುತ್ತದೆ. ಆದರೆ ಕೌದಿ ಕೇಳಿ ಬಂದವರಿಗೆ ಪದ್ಯ ಬೇಡ, ಮೊಮ್ಮಗನ ಹೆಸರು ಬೇಕು. ಹೆಸರಿನ ಕೌದಿ ಪದ್ಯಕ್ಕಿಂತ ಬೇಗ ಮಾರಾಟವಾಗುತ್ತದೆ. ಅದರ ದುಡ್ಡಿನಲ್ಲೇ ಪದ್ಯದ ಬಟ್ಟೆ ಬಂದದ್ದು.

ಈಗ ನಿಜವಾದ ಲೆಕ್ಕ. ಒಂದು ಅಕ್ಷರಕ್ಕೆ ನನಗೆ 20ರಿಂದ 25 ನಿಮಿಷ. ಈ ಪದ್ಯದಲ್ಲಿ 33 ಅಕ್ಷರ. ಅಂಚು ಸೇರಿ ಸುಮಾರು 25 ಗಂಟೆ ಕೆಲಸ, ಮನೆಗೆಲಸದ ನಡುವೆ ಮೂರು ವಾರ ಎಳೆಯಿತು. ಬಟ್ಟೆ ಅರ್ಧ ಮೀಟರಿಗೆ 150ರ ಹತ್ತಿರ, ನೂಲು 80, ಗಾಜು ಚೌಕಟ್ಟು 800. ಮೊದಲನೆಯದನ್ನು 2,200ಕ್ಕೆ ಕೊಟ್ಟುಬಿಟ್ಟೆ. ಲೆಕ್ಕ ಹಾಕಿದರೆ ಗಂಟೆಗೆ 50 ರೂಪಾಯಿ ಕೂಡ ಬೀಳಲಿಲ್ಲ, ಹೂ ಕಟ್ಟಿದ್ದರೂ ಅಷ್ಟು ಬರುತ್ತಿತ್ತೇನೋ. ಎರಡನೆಯದಕ್ಕೆ 3,800 ಹೇಳಿದೆ. ಚೌಕಾಸಿ ಮಾಡಿದರು, ಬಟ್ಟೆ ತಿರುಗಿಸಿ ಹಿಂಬದಿ ತೋರಿಸಿದೆ, ಸುಮ್ಮನೆ ಕೊಟ್ಟು ಹೋದರು. ಅದಕ್ಕೇ ಈಗ ಚೌಕಟ್ಟಿಗೆ ಹಿಂದೆಯೂ ಗಾಜು ಹಾಕಿಸುತ್ತೇನೆ. 250 ಜಾಸ್ತಿ ಆಗುತ್ತದೆ, ಆದರೆ ಕೆಲಸ ಗೊತ್ತಿರುವವರು ಅದನ್ನೇ ನೋಡಿ ಕೊಳ್ಳುತ್ತಾರೆ.

ಆರ್ಡರ್ ಕೊಡುವವರಿಗೆ ಅಕ್ಷರದ ಲೆಕ್ಕದಲ್ಲಿ ದರ ಇಟ್ಟಿದ್ದೇನೆ. ಅಕ್ಷರಕ್ಕೆ 70, ಒತ್ತಿಗೆ 30 ಬೇರೆ, ಚೌಕಟ್ಟು ನಿಮ್ಮದು. ನಿಮ್ಮದೇ ಪದ್ಯ ತಂದರೂ ಸರಿ, ಮಗಳ ಮದುವೆಗೆ ಎರಡು ಸಾಲು ಕಟ್ಟಿಕೊಡಿ ಅಂದರೂ ಸರಿ. ಮೊನ್ನೆ ಒಬ್ಬರು ಪದ್ಯದಲ್ಲಿ 'ರಾಷ್ಟ್ರ' ಮೂರು ಸಲ ಬರೆದು ತಂದಿದ್ದರು. ಒಂದನ್ನು ಕೂಡಲೇ 'ನಾಡು' ಮಾಡಿಸಿದೆ, ಉಳಿದ ಎರಡಕ್ಕೆ ಇನ್ನೂ ಮಾತುಕತೆ ನಡೆದಿದೆ.