ಸಿಡಿ4 ಚೆನ್ನಾಗಿದ್ರೂ ಈಗ್ಲೇ ಎಚ್‌ಐವಿ ಮಾತ್ರೆ ಯಾಕೆ ಅಂತ ಕೇಳೋರಿಗೆ ಅರ್ಥ ಮಾಡ್ಸೋದು ಹೇಗೆ

ರಿಪೋರ್ಟಲ್ಲಿ ಸಿಡಿ4 (ರೋಗದ ವಿರುದ್ಧ ಹೋರಾಡೋ ಒಂದು ಬಗೆ ಬಿಳಿ ರಕ್ತಕಣಗಳ ಲೆಕ್ಕ) 620 ಇದೆ, ಮೈಕೈ ಗಟ್ಟಿಮುಟ್ಟಾಗಿದೆ, ಮತ್ಯಾಕೆ ಮಾತ್ರೆ ಅಂತ ಕೇಳ್ತಾರೆ. ಹೆದ್ರಿಸೋಕೆ ಹೋಗ್ಬೇಡಿ, ಮೊದ್ಲು ಅವ್ರ ತಲೇಲಿರೋ ಚಿತ್ರ ಬದ್ಲಾಯ್ಸಿ. ಎಚ್‌ಐವಿ ಒಂದೊಂದೇ ಸಿಡಿ4 ಕಣದೊಳಗೆ ಹೊಕ್ಕು ತಿಂದ್ಹಾಕತ್ತೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಆದ್ರೆ ಸಾಯೋ ಕಣಗಳಲ್ಲಿ ಹೆಚ್ಚಿನವು ವೈರಸ್ ತಯಾರಿಸೋ ಕಣಗಳೇ ಅಲ್ಲ, ಸುತ್ತಲಿನ ಗಲಾಟೇಲಿ ಸಿಕ್ಕಾಕ್ಕೊಂಡು ಹೋದವು.

ಬೋರ್‌ವೆಲ್ ಮೋಟರ್ ನೆನಪು ಮಾಡಿ. ನೆಗಡಿ ಬಂದ್ರೆ ಇಮ್ಯೂನಿಟಿ ಆನ್ ಆಗಿ ವಾರದಲ್ಲಿ ಆಫ್ ಆಗತ್ತೆ, ಎಚ್‌ಐವೀಲಿ ಆಫೇ ಆಗಲ್ಲ, ವರ್ಷಗಟ್ಲೆ ಓಡಿ ಓಡಿ ಕಾಯಿಲ್ ಸುಟ್ಟೋಗತ್ತೆ.

ಆಮೇಲೆ ಅದೇ ರಿಪೋರ್ಟಿನ ಹಿಂದೆ ಪೆನ್ನಲ್ಲಿ ಒಂದು ಪೈಪ್ ಬರೀರಿ, ಅದು ಕರುಳು. ಸೋಂಕು ತಗುಲಿದ ಮೊದಲ ಕೆಲವು ವಾರದಲ್ಲೇ ಕರುಳಿನ ಗೋಡೇಲಿರೋ ಸಿಡಿ4 ಸೈನ್ಯ ಭಾರಿ ಪ್ರಮಾಣದಲ್ಲಿ ಹೋಗ್ಬಿಡತ್ತೆ, ಗೋಡೆ ಸೋರೋಕೆ ಶುರುವಾಗಿ ಬ್ಯಾಕ್ಟೀರಿಯಾ ಚೂರುಗಳು ರಕ್ತಕ್ಕೆ ಇಳಿಯತ್ವೆ, ಅವನ್ನ ನೋಡಿ ಮಲಗಿದ್ದ ಕಣಗಳೂ ಎದ್ದು ಕೂರತ್ವೆ, ಮಜಾ ಏನಂದ್ರೆ ವೈರಸ್ಸಿಗೆ ಬೇಕಾಗಿರೋದೇ ಹಿಂಗೆ ಎದ್ದ ಸಿಡಿ4. ಸಾಯುವಾಗ ಕೆಲವು ಕಣ ಸಿಡಿದು ಉರಿ (ಉರಿಯೂತ) ಹಬ್ಸಿ ಇನ್ನಷ್ಟು ಕಣಗಳನ್ನ ಅಲ್ಲಿಗೇ ಕರೀತವೆ. ಪೆನ್ನಲ್ಲಿ ಸುತ್ತು ಎಳೆದು ತೋರ್ಸಿ, ಬೇಗ ಹೊಳೆಯತ್ತೆ.

ನಂಬ್ಲಿಲ್ಲ ಅಂದ್ರೆ ಕೋತಿ ಕಥೆ ಹೇಳಿ. ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬಿ ಕೋತಿಗಳ ರಕ್ತದಲ್ಲಿ ಎಸ್‌ಐವಿ (ಕೋತಿಗಳಲ್ಲಿರೋ ಎಚ್‌ಐವಿ ಥರದ ವೈರಸ್) ತುಂಬ್ಕೊಂಡಿರತ್ತೆ, ಆದ್ರೂ ಸಾಮಾನ್ಯವಾಗಿ ಏಡ್ಸ್ ಬರಲ್ಲ, ಯಾಕಂದ್ರೆ ಅವುಗಳ ಇಮ್ಯೂನಿಟಿ ಬೇಗ ತಣ್ಣಗಾಗತ್ತೆ. ನಮ್ಗೆ ಆ ಭಾಗ್ಯ ಇಲ್ಲ, ಮಾತ್ರೆ ಬೇಕು.

ಸಿಡಿ4 500ಕ್ಕಿಂತ ಮೇಲಿದ್ದಾಗ್ಲೇ ಶುರು ಮಾಡಿದ್ರೆ ಲಾಭ ಅಂತ 2015ರಲ್ಲಿ ಸ್ಟಾರ್ಟ್ ಅನ್ನೋ ಟ್ರಯಲ್ ತೋರ್ಸ್ತು, 2017ರಿಂದ ನಮ್ ದೇಶದಲ್ಲೂ ಸಿಡಿ4 ಎಷ್ಟೇ ಇರ್ಲಿ ಎಆರ್‌ಟಿ (ಎಚ್‌ಐವಿ ಹತೋಟೀಲಿಡೋ ಮಾತ್ರೆ) ಕೊಡ್ತಾರೆ. ಸಿಡಿ4 ಒಂದ್ಸಲ ಸ್ವಲ್ಪ ಇಳಿದ್ರೆ ಗಾಬರಿ ಬೇಡ, ಜ್ವರ ಬಂದ್ರೂ ಇಳಿಯತ್ತೆ, ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ನೋಡಿ. ಅದು ಸಿಗದಷ್ಟು ಇಳಿದ್ಮೇಲೂ ಒಳಗೆ ಸಣ್ಣ ಉರಿ ಉಳ್ಕೊಂಡಿರತ್ತೆ, ಅದಕ್ಕೇ ಸಿಗರೇಟ್ ಬಿಡಿ, ಬಿಪಿ ಶುಗರ್ ನೋಡ್ಕೊಳಿ, ಕೆಮ್ಮು ನಿಲ್ತಿಲ್ಲ ಅಂದ್ರೆ ಟಿಬಿ ಟೆಸ್ಟ್ ಮಾಡ್ಸಿ.

ಇನ್ನೊಂದು, ಡೋಲುಟೆಗ್ರಾವಿರ್ ಅನ್ನೋ ಎಚ್‌ಐವಿ ಔಷಧಿ ಇರೋ ಮಾತ್ರೆ ತಗೊಳೋರು ಹೊಟ್ಟೆ ಉರಿ ಅಂತ ಅದ್ರ ಜೊತೆಗೇ ಆಂಟಾಸಿಡ್ ಕುಡೀಬೇಡಿ, ಮಾತ್ರೆ ಮೈಗೆ ಹಿಡಿಯಲ್ಲ. ಆಂಟಾಸಿಡ್‌ಗಿಂತ 2 ಗಂಟೆ ಮೊದ್ಲು ಈ ಮಾತ್ರೆ ನುಂಗಿ, ಇಲ್ಲಾಂದ್ರೆ ಆಂಟಾಸಿಡ್ ಕುಡಿದು 6 ಗಂಟೆ ಬಿಟ್ಟು.