ಊರಿನ ಹೆಸರಿನಲ್ಲಿ ಜೋಡಿಸಿದ ವನ್ಯಜೀವಿ ಕಡತಗಳು

ಧಾರವಾಡದಲ್ಲಿ ನಾನು ನೋಡಿಕೊಳ್ಳುವ ಗ್ರಂಥಾಲಯ ಚಿಕ್ಕದು. ಈ ಭಾಗದ ಬಯಲುಸೀಮೆಯ ವನ್ಯಜೀವಿಗಳ ಕುರಿತ ಪುಸ್ತಕ, ಸಂಶೋಧನಾ ಲೇಖನ, ಅರಣ್ಯ ಇಲಾಖೆಯ ಹಳೆಯ ಕಾರ್ಯಯೋಜನೆ, ಪಕ್ಷಿವೀಕ್ಷಕರ ಟಿಪ್ಪಣಿಗಳು ಅಲ್ಲಿವೆ. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಕ್ರಮದಲ್ಲೇ ಇಟ್ಟಿದ್ದೇನೆ. ಹಕ್ಕಿಗಳು 598ಕ್ಕೆ, ಸಸ್ತನಿಗಳು 599ಕ್ಕೆ. ಬಿಡಿ ಲೇಖನ, ವರದಿಗಳಿಗೆ ಮಾತ್ರ ಅದು ಒಗ್ಗಲಿಲ್ಲ. ಬಂದವರು ಕೇಳುವುದು ‘ರಾಣೆಬೆನ್ನೂರಿನಲ್ಲಿ ಮೊದಲು ಏನೇನಿತ್ತು?’ ಎಂದು. ಚಿಗರಿಯ (ಕೃಷ್ಣಮೃಗದ) ವರದಿ ಒಂದು ಕಪಾಟಿನಲ್ಲಿ, ಅಳಿವಿನಂಚಿನಲ್ಲಿರುವ ದೊಡ್ಡ ಹಕ್ಕಿ ಎರೆಭೂತದ್ದು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇನ್ನೊಂದರಲ್ಲಿ, ನೀಲಗಿರಿ ನೆಡುತೋಪಿನ ಕಡತ ಮತ್ತೆಲ್ಲೋ ಇದ್ದರೆ, ಹುಲ್ಲುಗಾವಲಿಗೆ ಏನಾಯಿತೆಂಬುದು ಒಟ್ಟಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಇವನ್ನೆಲ್ಲ ತಾಲ್ಲೂಕು, ಊರು, ಕೆರೆ, ಗುಡ್ಡಗಳ ಹೆಸರಿನಲ್ಲಿ ಜೋಡಿಸಿದೆ.

ಇದಕ್ಕೆ ಇತಿಹಾಸ ಗೊತ್ತಿರಬೇಕು. ಗದಗ, ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ಅವೆಲ್ಲ ಧಾರವಾಡವೇ. ಮುಂಬಯಿ ಪ್ರಾಂತ್ಯದ 1884ರ ಧಾರವಾಡ ಗೆಜೆಟಿಯರ್ ರಾಣೆಬೆನ್ನೂರಿಗೂ ಬೇಕು, ಗದಗಿಗೂ ಬೇಕು. ಶಿರಹಟ್ಟಿಯಾದರೋ ಬ್ರಿಟಿಷರ ಕಾಲದಲ್ಲಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. 2024ರಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಪಟ್ಟೆತಲೆ ಹೆಬ್ಬಾತುಗಳ ಹಿಂದಿನ ದಾಖಲೆ ಕೇಳಿ ಬರುವ ವಿದ್ಯಾರ್ಥಿಗಳಿಗೆ ಇದನ್ನು ಮೊದಲೇ ಹೇಳುತ್ತೇನೆ; ಬ್ರಿಟಿಷ್ ಜಿಲ್ಲೆಯ ಕಡತಗಳನ್ನಷ್ಟೇ ತಡಕಿದರೆ ಸಾಲದು.

ಪ್ರಾಣಿಗಳ ಶಾಸ್ತ್ರೀಯ ಹೆಸರುಗಳೂ ಬದಲಾಗಿವೆ. ಎರೆಭೂತ ಇಂದು ಆರ್ಡಿಯೋಟಿಸ್ ನೈಗ್ರಿಸೆಪ್ಸ್, ಹಳೆಯ ಲೇಖನಗಳಲ್ಲಿ ಕೊರಿಯೋಟಿಸ್ ನೈಗ್ರಿಸೆಪ್ಸ್. ಕಂಪ್ಯೂಟರಿನ ಸೂಚಿಯಲ್ಲಿ ಎರಡನ್ನೂ, ಜೊತೆಗೆ ಕನ್ನಡದ ಹೆಸರನ್ನೂ ಸೇರಿಸುತ್ತೇನೆ. ಬೇಸರದ ಕೆಲಸ ನಿಜ, ಆದರೆ ಈ ಹಕ್ಕಿಯ ವಿಷಯದಲ್ಲಿ ಒಂದೇ ಒಂದು ಹಳೆಯ ದಾಖಲೆ ಕೈತಪ್ಪುವುದೂ ನನಗೆ ಸಹಿಸದು.

ಕಡತ ಕೈಗೆ ಬಂದೊಡನೆ ಮಾಡುವ ಮೊದಲ ಕೆಲಸ ತುಕ್ಕು ಹಿಡಿದ ಗುಂಡುಸೂಜಿಗಳನ್ನು ತೆಗೆಯುವುದು. ಎಳೆದರೆ ಕಾಗದ ಹರಿಯುತ್ತದೆ; ಹಿಂಬದಿಯಿಂದ ಮೆಲ್ಲಗೆ ಸಡಿಲಿಸಿ, ಹಾಳೆಗಳನ್ನು ಹತ್ತಿಯ ದಾರದಿಂದ ಕಟ್ಟಬೇಕು. ನಿವೃತ್ತ ಅರಣ್ಯ ಸಿಬ್ಬಂದಿಯ ದಿನಚರಿಗಳು ಬಹುಪಾಲು ಇದೇ ಸ್ಥಿತಿಯಲ್ಲಿ ಬರುತ್ತವೆ. ಮನೆಯವರು ರದ್ದಿಗೆ ಹಾಕುವ ಮೊದಲು ಅವನ್ನು ಕೇಳಿ ತರುವುದಕ್ಕೆ ನಾನು ಸಂಕೋಚಪಡುವುದಿಲ್ಲ. ಯಾವ ಹಳ್ಳದ ಬಳಿ ತೋಳ ಕಂಡಿತು, ಯಾವ ವರ್ಷ ಹುಲ್ಲು ಬೆಳೆಯಲಿಲ್ಲ ಎಂಬಂಥ ವಿವರಗಳು ಅಚ್ಚಾದ ವರದಿಗಳಲ್ಲಿ ಸಿಗುವುದು ಅಪರೂಪ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದಿಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡ ಅಭಯಾರಣ್ಯದ ತೋಳಗಳು ಮರಿ ಹಾಕುವ ಜಾಗ, ಅಪರೂಪದ ಹಕ್ಕಿಗಳ ಗೂಡಿನ ಗುರುತುಗಳಿರುವ ಪುಟಗಳನ್ನು ಬೇರೆ ಲಕೋಟೆಯಲ್ಲಿಟ್ಟು, ಸೂಚಿಯಲ್ಲಿ ಗುಡ್ಡದ ಹೆಸರನ್ನಷ್ಟೇ ಬರೆಯುತ್ತೇನೆ. ಅಭಯಾರಣ್ಯದೊಳಗೆ ಸಂಶೋಧನೆ ಮಾಡಲು ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಹೇಗೂ ಬೇಕು. ಆ ಪತ್ರ ತೋರಿಸಿದವರಿಗೆ ಲಕೋಟೆಯನ್ನು ನಾನೇ ತೆಗೆದುಕೊಡುತ್ತೇನೆ.